ಎದುರು ಬೆಂಕಿಯ ಪಾಲು

ಅತ್ತಿಗೆ ಭಾಗಮ್ಮ ಹಡೆದಾಗಿನಿಂದ ಅಮೃತಳಿಗೆ ಒಂದೇ ಕೆಲಸ. ಬಾಣಂತಿಯ ಹೊರಸಿನ ಕೆಳಗೆ, ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಇಟ್ಟಿದ್ದರು. ಅದು ಆರಬಾರದು, ಉರಿಯಲೂಬಾರದು. ಆರಿದರೆ ಬಾಣಂತಿಗೆ ಥಂಡಿ ಹತ್ತುತ್ತದೆ, ಉರಿದರೆ ಹೊರಸಿಗೇ ಬೆಂಕಿ. ಅಮೃತ ಮೂಲೆಯಲ್ಲಿ ಕುಳಿತು ಸಗಣಿ ಕುಳ್ಳಿನ ಚೂರು ಮುರಿದು ಹಾಕುತ್ತ, ಮೇಲೆ ಬೂದಿ ಸವರುತ್ತ ಇರುತ್ತಿದ್ದಳು. ಮದುವೆಯ ವಯಸ್ಸಿಗೆ ಬಂದ ಹುಡುಗಿ, ಮಾತು ಬಹಳ ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಮೊದಲು ಉಗುಳು ನುಂಗುತ್ತಿದ್ದಳು. ಅವಳು ನುಂಗಿ ಮುಗಿಸುವ ಹೊತ್ತಿಗೆ ಕೇಳಿದವರು ಮುಂದಕ್ಕೆ ಹೋಗಿರುತ್ತಿದ್ದರು.

ಕಮಲಾಪುರದ ಅಂಚಿಗೆ, ಗುಡ್ಡದ ಬುಡದಲ್ಲಿ ಅವರ ಓಣಿ. ಒಂದು ಬದಿಗೆ ಮನೆಗಳ ಸಾಲು, ಎದುರಿಗೆ ಬಂಡಿ ದಾರಿ, ದಾರಿಯ ಆಚೆ ರಮಣಾ. ರಮಣಾ ಅಂದರೆ ನಿಜಾಮ ಸರ್ಕಾರ ಕಾಯ್ದಿಟ್ಟ ಹುಲ್ಲು. ಗುಡ್ಡದ ನೆತ್ತಿಯವರೆಗೂ ಎದೆಯೆತ್ತರ ಬೆಳೆದು ನಿಲ್ಲುತ್ತಿತ್ತು. ಅದನ್ನು ಕೊಯ್ಯಿಸಿ ಕಲಬುರಗಿಯ ಸರ್ಕಾರಿ ಕುದುರೆಗಳಿಗೆ ಒಯ್ಯುತ್ತಿದ್ದರು. ಓಣಿಯ ಆಡು ಅದಕ್ಕೆ ಒಂದು ಸಲ ಬಾಯಿ ಹಾಕಿದರೂ ಜುರ್ಮಾನೆ. ಕಾಯಲು ಜಂಗ್ಲಾತಿನ, ಅಂದರೆ ಅರಣ್ಯ ಇಲಾಖೆಯ, ಜವಾನ ಇಮಾಮುದ್ದೀನ್ ಇದ್ದ. ಅವನ ಮನೆಯೂ ಅದೇ ಓಣಿಯಲ್ಲಿ. ಅವನ ಆಡುಗಳು ರಮಣಾದಲ್ಲೇ ಮೇಯುತ್ತಿದ್ದವು. ಅವು ಸರ್ಕಾರಿ ಆಡುಗಳು ಎಂದು ಓಣಿಯವರು ನಗುತ್ತಿದ್ದರು, ಇಮಾಮುದ್ದೀನನೂ ನಗುತ್ತಿದ್ದ.

ಓಣಿಯಲ್ಲಿ ಮಾಳಿಗೆ ಮನೆ ಇದ್ದದ್ದು ಕಾಶಿರಾಯನೊಬ್ಬನಿಗೇ. ಉಳಿದವರದೆಲ್ಲ ಮಣ್ಣಿನ ಗೋಡೆ, ಹುಲ್ಲಿನ ಚಪ್ಪರ. ಕಾಶಿರಾಯ ಹೇಳಿದ್ದೇ ಓಣಿಯ ಮಾತು. ಅವನು ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ, ಎದುರಿನವನ ಒಳ್ಳೆಯದಕ್ಕೇ ಹೇಳುವಂತೆ ಹೇಳುತ್ತಿದ್ದ. ಅದಕ್ಕೇ ಅವನ ಮಾತಿಗೆ ಇಲ್ಲ ಅನ್ನುವುದು ಕಷ್ಟ.

ಬೆಳಿಗ್ಗೆ ಯಾರ ಮನೆಯ ಒಲೆ ಆರಿದ್ದರೂ ಹೆಂಗಸರು ಬೆಂಕಿಗೆ ಬರುತ್ತಿದ್ದದ್ದು ಮಲ್ಕಮ್ಮನ ಮನೆಗೆ. ಮಲ್ಕಮ್ಮ ಅಮೃತಳ ತಾಯಿ. ಗಂಡ ತೀರಿಕೊಂಡ ಮೇಲೆ ಮಗ ಚಂದ್ರಶಾ ಬಾಳೆ ತೋಟಗಳಲ್ಲಿ ಕೂಲಿ ಮಾಡಿ ಮನೆ ನಡೆಸುತ್ತಿದ್ದ. ಅವನು ಕತ್ತಲಿರುವಾಗಲೇ ಹೊರಡುತ್ತಿದ್ದದ್ದರಿಂದ ಅವರ ಒಲೆ ಎಲ್ಲರಿಗಿಂತ ಮೊದಲೇ ಹೊತ್ತುತ್ತಿತ್ತು. ಹೆಂಗಸರು ಕುಳ್ಳಿನ ತುಂಡು ಹಿಡಿದು ಬಂದು, ಕೆಂಡ ತಾಗಿಸಿಕೊಂಡು, ಎರಡು ಸುದ್ದಿ ಹೇಳಿ ಹೋಗುತ್ತಿದ್ದರು. ಈಗ ಮನೆಯಲ್ಲಿ ಪುರುಡು, ಹೆರಿಗೆಯ ಮೈಲಿಗೆ. ಪುರುಡು ಕಳೆಯುವ ತನಕ ಆ ಮನೆಯ ನೀರಿಲ್ಲ, ಬೆಂಕಿಯಿಲ್ಲ. ಕಾಶಿರಾಯನ ಹೆಂಡತಿ ಅಂಬಮ್ಮ ಮಾತ್ರ ದಿನಕ್ಕೊಮ್ಮೆ ದಾರಿಯಲ್ಲೇ ನಿಂತು ಒಳಗೆ ಇಣುಕುತ್ತಿದ್ದಳು.

"ಏ ಮಲ್ಕಮ್ಮ, ಕೂಸು ಯಾರ ಹಾಂಗ ಅದ?"

"ಅವರಪ್ಪನ ಹಾಂಗೇ ಅದ ನೋಡ್ರಿ."

"ಮೂಗರ ಅವರವ್ವಂದು ಇರಲಿ ಯವ್ವಾ. ಚಂದ್ರಶಾನ ಮೂಗಿದ್ರ ಮಳಿ ನೀರು ಒಳಗ ಹೋಗ್ತದ!"

ಒಳಗೆ ಭಾಗಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮೃತಳೂ ನಗುತ್ತಿದ್ದಳು. ಆಗಿನ್ನೂ ಅವಳಿಗೆ ಅಂಬಮ್ಮನ ಮೇಲೆ ಸಿಟ್ಟಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆದು ಕೆಲವು ದಿನವಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ಹೊಗೆ ಕಂಡಿತು. ಮೊದಲು ಅದನ್ನು ಕಂಡದ್ದು ಅಮೃತ, ಹಿತ್ತಿಲಿಗೆ ಬೂದಿ ಚೆಲ್ಲಲು ಹೋದಾಗ. ತೆಳ್ಳಗಿತ್ತು. ನೋಡುತ್ತಿದ್ದಂತೆ ಅಗಲವಾಯಿತು, ಬುಡ ಕೆಂಪಾಯಿತು. ಅವಳು ಓಡಿಬಂದು ತಾಯಿಗೆ ಹೇಳಿದಳು. ಮಲ್ಕಮ್ಮ ದಾರಿಗೆ ಬಂದು ಬೊಬ್ಬೆ ಹಾಕಿದಳು. ಯಾರು ಹಚ್ಚಿದರು, ದನ ಕಾಯುವವರ ಚಿಲುಮೆಯ ಕಿಡಿಯೋ, ಆಚೆಯ ಊರಿನವರು ಹೊಲ ಸುಟ್ಟದ್ದೋ, ಯಾರಿಗೂ ಗೊತ್ತಿರಲಿಲ್ಲ. ಗಾಳಿ ಮಾತ್ರ ಗುಡ್ಡದಿಂದ ಓಣಿಯ ಕಡೆಗೇ ಬೀಸುತ್ತಿತ್ತು.

ಆ ಹೊತ್ತು ಓಣಿ ಒಂದೇ ಮನೆಯಂತೆ ಎದ್ದು ನಿಂತಿತು. ಅದನ್ನು ಮಾತ್ರ ಅಮೃತ ಮುಂದೆಂದೂ ಸುಳ್ಳು ಅನ್ನಲಿಲ್ಲ. ಗಂಡಸರು ತೋಟಗಳಿಂದ ಓಡಿಬಂದರು. ಕುಡುಗೋಲು ಹಿಡಿದು ಬಂಡಿ ದಾರಿಯ ಅಂಚಿನ ಹುಲ್ಲು ಸವರಿದರು. ಹೆಂಗಸರು ಬಾವಿಯಿಂದ ನೀರು ಹೊತ್ತು ತಂದು ಚಪ್ಪರಗಳಿಗೆ ಎರಚಿದರು. ಬೇವಿನ ಹಸಿ ಟೊಂಗೆಗಳನ್ನು ಕಡಿದು ಮನೆಮನೆಯ ಮುಂದೆ ರಾಶಿ ಹಾಕಿದರು, ಹಾರಿಬಂದ ಕಿಡಿ ಬಡಿಯಲು. ವರ್ಷದಿಂದ ಮಾತು ಬಿಟ್ಟಿದ್ದವರೂ ಒಂದೇ ಕೊಡಕ್ಕೆ ಕೈ ಹಚ್ಚಿದರು.

ಕಾಶಿರಾಯನ ಮಾಳಿಗೆಯ ಮೇಲೆ ವರ್ಷದ ಕಣಕಿ ಒಟ್ಟಿತ್ತು, ಜೋಳದ ಒಣ ದಂಟು, ಕಿಡಿ ತಾಗಿದರೆ ಭುಗಿಲೆನ್ನುವಂಥದ್ದು. ಅದು ಹತ್ತಿದರೆ ಅಕ್ಕಪಕ್ಕದ ಚಪ್ಪರಗಳು ಉಳಿಯುವುದಿಲ್ಲ. ಮೇಲೆ ಹತ್ತಿ ಅದನ್ನು ಹಿಂದಿನ ಹೊಂಡಕ್ಕೆ ಎಸೆಯುವವರು ಯಾರು ಅಂದಾಗ ಚಂದ್ರಶಾ ಹತ್ತಿದ. ಅವನ ಮನೆಯಲ್ಲಿ ಪುರುಡಿದೆ ಎಂದು ಆಗ ಯಾರೂ ನೆನೆಸಲಿಲ್ಲ.

ಮಲ್ಕಮ್ಮ ಹೊರಗೊಮ್ಮೆ ಒಳಗೊಮ್ಮೆ ಓಡಾಡಿದಳು. "ಬಾಣಂತಿನ್ನ ಎಲ್ಲಿಗರ ಒಯ್ಬೇಕಲ್ರೀ ಅಂಬಮ್ಮ. ನಿಮ್ಮ ಪಡಸಾಲ್ಯಾಗ ಒಂದೀಟು…"

ಅಂಬಮ್ಮ ತಲೆಯ ಮೇಲಿನ ಕೊಡ ಸರಿಮಾಡಿಕೊಂಡಳು. "ನಮ್ಮ ಪಡಸಾಲ್ಯಾಗ ದೇವರ ಜಗಲಿ ಅದಲ್ಲ ಮಲ್ಕಮ್ಮ. ನೀನೇ ವಿಚಾರ ಮಾಡು."

ಮಲ್ಕಮ್ಮ ವಿಚಾರ ಮಾಡಿದಳು. ಓಣಿಯ ಮನೆಗಳನ್ನೆಲ್ಲ ಕಣ್ಣಿನಲ್ಲೇ ಎಣಿಸಿದಳು. ಹಸಿ ಬಾಣಂತಿಗೆ ತೆರೆದಿರುವ ಬಾಗಿಲು ತನ್ನದೊಂದೇ ಎಂದು ಗೊತ್ತಾಗಿ ಒಳಗೆ ಹೋಗಿ ಕೂತಳು. ಭಾಗಮ್ಮ ಕೂಸನ್ನು ಎದೆಗೆ ಅವಚಿಕೊಂಡು ಚಪ್ಪರವನ್ನೇ ನೋಡುತ್ತಿದ್ದಳು. "ಅಮೃತಾ," ಅಂದಳು, "ನಿಮ್ಮಣ್ಣ ಎಲ್ಲಿ?"

"ಕಾಶಿರಾಯ ಕಾಕಾನ ಮಾಳಗಿ ಮ್ಯಾಲ, ವೈನಿ."

"ನಮ್ಮ ಚಪ್ಪರಕ್ಕ ನೀರು ಹಾಕಿದ್ರೇನು?"

ಅಮೃತ ಉಗುಳು ನುಂಗಿದಳು. ಅವರ ಚಪ್ಪರ ಓಣಿಯ ಕಟ್ಟಕಡೆಯದು. ನೀರು ಅಲ್ಲಿಯವರೆಗೆ ಇನ್ನೂ ಬಂದಿರಲಿಲ್ಲ. ಅವಳೇ ಕೊಡ ತೆಗೆದುಕೊಂಡು ಹೊರಟಳು. ಬಾವಿಯ ಹತ್ತಿರ ಹೆಂಗಸರು ಹಿಂದೆ ಸರಿದು ಅವಳಿಗೆ ದೂರದಿಂದ ನೀರು ಸುರಿದುಕೊಟ್ಟರು.

ಬೆಂಕಿ ಗುಡ್ಡದ ಅರ್ಧಕ್ಕೆ ಇಳಿಯಿತು. ಬಂಡಿ ದಾರಿಯ ಅಗಲ ಸಾಲದು, ಕಿಡಿ ಹಾರಿ ಚಪ್ಪರಕ್ಕೆ ಬೀಳುತ್ತದೆ ಎಂದು ಎಲ್ಲರಿಗೂ ಕಂಡಿತು. ಆಗ ಕಾಶಿರಾಯ ಎದುರು ಬೆಂಕಿಯ ಮಾತು ತೆಗೆದ. ದಾರಿಯ ಅಂಚಿನಿಂದಲೇ ನಾವು ಹುಲ್ಲಿಗೆ ಬೆಂಕಿ ಇಡಬೇಕು. ದೊಡ್ಡ ಬೆಂಕಿ ಹತ್ತಿರ ಬಂದಾಗ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನಮ್ಮ ಬೆಂಕಿ ಅದರ ಜೊತೆ ಮೇಲಕ್ಕೆ ಹೋಗುತ್ತದೆ, ನಡುವೆ ಸುಡಲು ಏನೂ ಉಳಿಯುವುದಿಲ್ಲ. ಅವನ ಅಜ್ಜ ಹಾಗೆ ಮಾಡಿದ್ದನಂತೆ. ಆದರೆ ಅಜ್ಜನ ಕಾಲದಲ್ಲಿ ಹುಲ್ಲು ಊರಿನದಾಗಿತ್ತು. ಈಗ ರಮಣಾಕ್ಕೆ ಬೆಂಕಿ ಇಟ್ಟವನಿಗೆ ಸಜಾ.

ಎಲ್ಲರೂ ಇಮಾಮುದ್ದೀನನ ಕಡೆ ನೋಡಿದರು.

"ನನ್ನ ಯಾಕ ನೋಡ್ತೀರಿ?" ಅಂದ ಅವನು. "ನಾ ಇಲ್ಲಿ ಇಲ್ಲೇ ಇಲ್ಲ. ನಾ ಅತ್ಲಾಕಡಿ ಹೋಗೀನಿ." ಹಾಗೆಂದು ಗುಡ್ಡಕ್ಕೆ ಬೆನ್ನು ಮಾಡಿ ನಿಂತ.

"ಬೆನ್ನು ತಿರುಗಿಸಿದ್ರ ಸಾಲಂಗಿಲ್ಲ ಇಮಾಮಸಾಬ," ಅಂದ ಕಾಶಿರಾಯ. "ನಾಳಿ ಯಾರೂ ಯಾರ ಕಡಿಗೂ ಬಟ್ಟು ತೋರಿಸಬಾರದು. ಮನಿಗೊಂದು ಕುಳ್ಳು, ತಮ್ಮ ತಮ್ಮ ಒಲಿಯಿಂದ ಹೊತ್ತಿಸಿಕೊಂಡು ತರ್ರಿ. ತಮ್ಮ ಮನಿ ಎದುರಿಗೆ ತಾವೇ ಇಡ್ರಿ. ಓಣಿ ಬೆಂಕಿ ಅದು. ಒಬ್ಬಂದಲ್ಲ. ನಿಮ್ಮ ಮನಿದೂ ಬರಬೇಕು."

ಇಮಾಮುದ್ದೀನ್ ತಿರುಗದೆಯೇ ಹೆಂಡತಿಗೆ, "ಲಾವ್" ಅಂದ, ತಾ ಎಂದು.

ಹೆಂಗಸರು ಒಲೆಗಳಿಗೆ ಓಡಿದರು. ಒಬ್ಬೊಬ್ಬರಾಗಿ, ಹೊಗೆಯಾಡುವ ಕುಳ್ಳನ್ನು ಚಿಮಟಿಗೆಯಲ್ಲಿ, ಸಲಿಕೆಯಲ್ಲಿ, ಹೆಂಚಿನಲ್ಲಿ ಹಿಡಿದು ಬಂದರು. ಅಮೃತ ನೋಡಿದಳು. ಅವರ ಅಡುಗೆಯ ಒಲೆ ಆರಿತ್ತು. ಆದರೆ ಹೊರಸಿನ ಕೆಳಗಿನ ಕೆಂಡ ನಿಗಿನಿಗಿ ಇತ್ತು. ಓಣಿಯಲ್ಲೇ ಅಂಥ ಗಟ್ಟಿ ಕೆಂಡ ಇನ್ನಾರ ಮನೆಯಲ್ಲೂ ಇರಲಾರದು. ಅವಳು ದಪ್ಪನೆಯ ಕುಳ್ಳೊಂದನ್ನು ಅದರಲ್ಲಿ ಹೊತ್ತಿಸಿ, ಬೋಕಿಯ ಚೂರಿನಲ್ಲಿಟ್ಟುಕೊಂಡು ದಾರಿಗೆ ಬಂದಳು. ಅವಳ ಜೀವನದಲ್ಲಿ ಯಾರೂ ಕೇಳದೆ ತಾನಾಗಿ ಮುಂದೆ ಬಂದದ್ದು ಅದೇ ಮೊದಲು.

"ಏ ಹುಡುಗಿ, ನಿಂದರು," ಅಂದ ಕಾಶಿರಾಯ. "ಅದು ಎಲ್ಲಿದು?"

"ವೈನಿ ಹೊರಸಿನ ಕೆಳಗಿಂದು ರೀ."

"ಬ್ಯಾಡವ್ವ. ಪುರುಡಿನ ಬೆಂಕಿ ಇದರಾಗ ಕೂಡಿದ್ರ ಅಗ್ನಿ ಮುನಿತದ. ಎದುರು ಬೆಂಕಿ ತಿರುಗಿ ನಮ್ಮ ಮ್ಯಾಲೇ ಬರ್ತದ. ಒಳಗ ಹೋಗು."

ಪಕ್ಕದ ಮನೆಯ ದೌಲಪ್ಪ ಅಂಥ ಹೊತ್ತಿನಲ್ಲೂ ಹಲ್ಲು ಬಿಟ್ಟ. "ಸಾಬರ ಬೆಂಕಿ ನಡೀತದ, ಪುರುಡಿಂದು ನಡಿಯಂಗಿಲ್ಲೇನ್ರಿ?"

"ನಿನ್ನ ನಾಲಗಿಗಿ ಮೊದಲು ಬೆಂಕಿ ಹಚ್ಚಬೇಕು ನೋಡು," ಅಂದಳು ಅಂಬಮ್ಮ.

ಅಮೃತ ಹಿಂದೆ ಹೋಗಿ ಬಚ್ಚಲಿನಲ್ಲಿ ಕುಳ್ಳನ್ನು ಮುಳುಗಿಸಿದಳು. ಅದು ಸುಂಯ್ ಎಂದು ಆರಿತು. ಅವರ ಮನೆಯ ಎದುರಿನ ಹುಲ್ಲಿಗೆ ದೌಲಪ್ಪನೇ ತನ್ನ ಕುಳ್ಳಿನ ಇನ್ನರ್ಧವನ್ನು ತಂದು ಇಟ್ಟ.

ಎದುರು ಬೆಂಕಿ ಮೊದಲು ಮಂಕಾಗಿ ಹೊಗೆಯಾಡಿತು. ಗಂಡಸರು ದಾರಿಯುದ್ದಕ್ಕೂ ನಿಂತು, ಈಚೆಗೆ ತಿರುಗಿದ ನಾಲಗೆಗಳನ್ನೆಲ್ಲ ಟೊಂಗೆಯಿಂದ ಬಡಿದರು. ಆಮೇಲೆ ಕಾಶಿರಾಯ ಹೇಳಿದಂತೆಯೇ ಗಾಳಿ ಎಳೆದುಕೊಂಡಿತು. ಓಣಿಯ ಬೆಂಕಿ ಒಮ್ಮೆಲೇ ಗುಡ್ಡ ಹತ್ತಿತು. ಎರಡು ಬೆಂಕಿ ಒಂದಕ್ಕೊಂದು ತಾಗಿದಾಗ ಆದ ಸದ್ದಿಗೆ ಒಳಗಿದ್ದ ಕೂಸು ಚೀರಿತು. ಸಂಜೆಯ ಹೊತ್ತಿಗೆ ಗುಡ್ಡ ಕರ್ರಗೆ ಕೂತಿತ್ತು. ಒಂದು ಚಪ್ಪರವೂ ಸುಟ್ಟಿರಲಿಲ್ಲ.

ಜನ ದಾರಿಯಲ್ಲೇ ಕುಸಿದು ಕೂತು ನಕ್ಕರು, ಅತ್ತರು, ಒಬ್ಬರ ಮಸಿಮುಖ ನೋಡಿ ಒಬ್ಬರು ಹಾಸ್ಯ ಮಾಡಿದರು. ಚಂದ್ರಶಾ ಮಾಳಿಗೆಯಿಂದ ಇಳಿದು ಬಂದ; ಕಿಡಿ ಬಿದ್ದು ಮೊಳಕೈ ಸುಟ್ಟಿತ್ತು. ಅಂಬಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು. ಚಂದ್ರಶಾನ ಕೈಗೆ ಮೇಲಿನಿಂದ ಹಾಕಿದಳು. ಆಮೇಲೆ ಮಾಳಿಗೆಯ ಮೇಲೆ ಗೋಮೂತ್ರ ಚಿಮುಕಿಸಿದಳು.

ಪುರುಡು ಕಳೆಯಿತು. ಓಣಿಯ ಹೆಂಗಸರು ಮತ್ತೆ ಬೆಳಿಗ್ಗೆ ಬೆಂಕಿಗೆ ಬರತೊಡಗಿದರು. ಅದೇ ವಾರ ಕಲಬುರಗಿಯಿಂದ ಜಂಗ್ಲಾತಿನ ದರೋಗಾ ಕುದುರೆ ಏರಿ ಬಂದ. ಸುಟ್ಟ ಗುಡ್ಡ ನೋಡಿದ. ಇಳಿದು ಬಂಡಿ ದಾರಿಯುದ್ದಕ್ಕೂ ನಡೆದ. ಹುಲ್ಲಿನ ಬೂದಿಯ ನಡುವೆ ಮನೆಮನೆಯ ಎದುರಿಗೂ ಅರೆಬೆಂದ ಕುಳ್ಳು ಬಿದ್ದಿದ್ದವು. ಬಡಿಯುವ ಗಡಿಬಿಡಿಯಲ್ಲಿ ಅವನ್ನು ಎತ್ತಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗಂಡಸರು ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದರು. ದರೋಗಾ ಒಂದನ್ನು ಬೂಟಿನಿಂದ ಹೊರಳಿಸಿದ.

"ಇಮಾಮುದ್ದೀನ್, ಗುಡ್ಡದಾಗ ಕುಳ್ಳು ಬೆಳಿತಾವೇನು?" ಎಂದು ಅವನು ತನ್ನ ಉರ್ದುವಿನಲ್ಲಿ ಕೇಳಿ ನಕ್ಕ. ಇಮಾಮುದ್ದೀನ್ ನಗಲೋ ಬೇಡವೋ ತಿಳಿಯದೆ ಅರ್ಧ ನಕ್ಕ.

ದರೋಗಾ ಹೋಗುವಾಗ ಹೇಳಿ ಹೋದ: ಇಡೀ ಗುಡ್ಡದ ಹುಲ್ಲು ಹೋಗಿದೆ, ಕುದುರೆಗಳಿಗೆ ಮೇವಿಲ್ಲ, ಮೇಲಿನವರು ಕೇಳುತ್ತಾರೆ. ಹಚ್ಚಿದವನ ಹೆಸರು ಬೇಕು. ಸಿಗದಿದ್ದರೆ ಜವಾನನ ನೌಕರಿ ಹೋಗುತ್ತದೆ, ಓಣಿಯನ್ನು ರಮಣಾದ ಅಂಚಿನಿಂದ ಎಬ್ಬಿಸಲಾಗುತ್ತದೆ. ಮೇಲಿನಿಂದ ಇಳಿದ ಬೆಂಕಿಗೆ ಹಚ್ಚಿದವನಿಲ್ಲ. ಓಣಿಯ ಬೆಂಕಿಗೆ ಇದ್ದಾರೆ. ಹಾಗಾಗಿ ಗುಡ್ಡವೆಲ್ಲ ಓಣಿಯ ಲೆಕ್ಕಕ್ಕೇ ಬಂತು.

ಸಂಜೆ ಕಾಶಿರಾಯನ ಕಟ್ಟೆಯ ಮೇಲೆ ಗಂಡಸರು ಕೂಡಿದರು. ಹೆಂಗಸರು ಬಾಗಿಲುಗಳ ಹಿಂದೆ ನಿಂತರು. ಅಮೃತ ಗೋಡೆಗೆ ಒರಗಿ ನಿಂತು ಎಲ್ಲರ ಮುಖ ನೋಡುತ್ತಿದ್ದಳು. ಮುಖಗಳು ಒಂದೊಂದಾಗಿ ಅವಳ ಅಣ್ಣನ ಕಡೆಗೆ ತಿರುಗುತ್ತಿದ್ದುದು ಮಾತಿಗಿಂತ ಮೊದಲೇ ಅವಳಿಗೆ ಕಂಡಿತು.

"ಒಂದ ಹೆಸರು ಕೊಡ್ರಿ," ಅಂದ ಇಮಾಮುದ್ದೀನ್. "ಒಂದ. ನನ್ನ ಹೆಂಡ್ತಿ ಕುಳ್ಳೂ ಅದರಾಗ ಅದ, ನಾ ಎಲ್ಲಾರ ಹೆಸರು ಹೇಳಾಕ ಬರಂಗಿಲ್ಲ."

ಕಾಶಿರಾಯ ಎಲೆ ಮಡಿಸುತ್ತ ಹೇಳಿದ. "ಓಣಿ ಮನಿ ಎಲ್ಲಾ ಆ ದಿನ ತಮ್ಮ ತಮ್ಮ ಪಾಲು ಕೊಟ್ಟಾವ. ಒಂದ ಮನಿದು ಉಳದದ."

ಚಂದ್ರಶಾನಿಗೆ ಮೊದಲು ತಿಳಿಯಲಿಲ್ಲ. "ಯಾರದ್ರೀ ಕಾಕಾ?"

"ನಿಂದೇ ಅಲ್ಲೇನೋ."

"ನಾ ನಿಮ್ಮ ಮಾಳಗಿ ಮ್ಯಾಲ ಇದ್ದೆನಲ್ರೀ."

"ಇದ್ದಿ. ಅದು ಕೆಲಸ. ಬೆಂಕಿ ಬ್ಯಾರೆ, ಕೆಲಸ ಬ್ಯಾರೆ. ಬೆಂಕಿ ನಿನ್ನ ಮನಿದು ಬಂದಿಲ್ಲ. ನಿನ್ನ ಚಪ್ಪರ ಉಳದದ್ದು ನಮ್ಮ ಬೆಂಕಿಯಿಂದ."

ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಅದು ತನ್ನದೇ ಎಂದು ಅಮೃತಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾ ತಂದಿದ್ದೆ ರೀ ಕಾಕಾ. ನೀವೇ ಬ್ಯಾಡ ಅಂದ್ರಿ."

ಗಂಡಸರೆಲ್ಲ ತಿರುಗಿದರು. ಕಾಶಿರಾಯನಿಗೆ ಸಿಟ್ಟು ಬರಲಿಲ್ಲ. "ಅಂದೆವ್ವ. ಇಲ್ಲಂತ ಎಲ್ಲಿ ಅಂದೆ? ಪುರುಡಿನ ಬೆಂಕಿ ತಗೊಳ್ಳಾಕ ಬರಂಗಿಲ್ಲ. ಹಂಗಂತ ಪಾಲು ಮಾಫ್ ಆಗ್ತದೇನು? ಆ ದಿನ ಕೊಡಾಕ ಆಗಲಿಲ್ಲ, ಇವತ್ತು ಕೊಡ್ರಿ."

"ಇನ್ನೊಂದು ಅದ ನೋಡ್ರಿ," ಅಂದ ದೌಲಪ್ಪ. ಈ ಸಲ ಅವನು ಹಾಸ್ಯ ಮಾಡುತ್ತಿರಲಿಲ್ಲ, ಅದೇ ಹೆಚ್ಚು ಕೆಟ್ಟದ್ದಾಗಿತ್ತು. "ನಾವು ಹಚ್ಚಿದೋರು. ಹೋಗಿ ಹಚ್ಚೀವಿ ಅಂದ್ರ ಅದು ಖರೇನೇ ಗುನ್ಹೆ. ಚಂದ್ರಶಾ ಹಚ್ಚಿಲ್ಲ. ಹಚ್ಚಲಾರದಾಂವ ಹಚ್ಚೀನಿ ಅಂದ್ರ ಅವನ ತಲಿ ಮ್ಯಾಲ ಗುನ್ಹೆ ಎಲ್ಲಿ ಬರ್ತದ? ದೇವರಿಗಿ ಗೊತ್ತಿರ್ತದಲ್ಲ."

"ಬರೇ ಜುರ್ಮಾನೆ ಹಾಕ್ತಾರ," ಅಂದ ಇಮಾಮುದ್ದೀನ್. "ನಾ ಹೇಳ್ತೀನಿ ಸಾಹೇಬ್ರಿಗಿ, ಗರೀಬ್ ಮನಷ್ಯಾ ಅಂತ."

"ಜುರ್ಮಾನೆ ಓಣಿ ಕಟ್ತದ," ಅಂದ ಕಾಶಿರಾಯ. "ಸಜಾ ಆಯ್ತಂದ್ರ ನಿನ್ನ ಮನಿ ಓಣಿ ನೋಡ್ತದ. ಕಾಳು ಕಡಿ, ಚಪ್ಪರ, ಕೂಸು, ಎಲ್ಲಾ. ನಾ ಮಾತು ಕೊಡ್ತೀನಿ."

ಚಂದ್ರಶಾ ಕಟ್ಟೆಯ ಮೇಲಿನವರನ್ನು ನೋಡಿದ. ಅವನನ್ನು ಅಲ್ಲಿ ಹಿಂದೆಂದೂ ಯಾರೂ ಕೂಡಿಸಿರಲಿಲ್ಲ. ಇವತ್ತು ಕಾಶಿರಾಯ ತನ್ನ ಪಕ್ಕದಲ್ಲೇ ಜಾಗ ಕೊಟ್ಟಿದ್ದ, ಮಡಿಸಿದ ಎಲೆಯನ್ನು ಮೊದಲು ಅವನಿಗೇ ಚಾಚಿದ. ಚಂದ್ರಶಾ ಎಲೆ ತೆಗೆದುಕೊಂಡ. ಅಮೃತ ಕಣ್ಣು ಮುಚ್ಚಿಕೊಂಡಳು.

ಸಿಪಾಯಿಗಳು ಬಂದು ಚಂದ್ರಶಾನನ್ನು ಒಯ್ದರು. ಕಚೇರಿಯಲ್ಲಿ ವಿಚಾರಣೆಯ ಹಿಂದಿನ ದಿನ ತಾಯಿ ಮಗಳಿಬ್ಬರನ್ನೂ ಕಾಶಿರಾಯ ತನ್ನ ಬಂಡಿಯಲ್ಲೇ ಕಲಬುರಗಿಗೆ ಕರೆದೊಯ್ದ. ತಾಜಸುಲ್ತಾನಪುರದ ಹತ್ತಿರ ಎತ್ತುಗಳಿಗೆ ನೀರು ಕುಡಿಸಿದಾಗ ಮಲ್ಕಮ್ಮನಿಗೂ ತಾನೇ ತಂಬಿಗೆ ತುಂಬಿ ಕೊಟ್ಟ. ರಾತ್ರಿ ಅವರು ಗಾಜಿಪುರದಲ್ಲಿ, ಮಲ್ಕಮ್ಮನ ತಂಗಿ ಕಸ್ತೂರಿಬಾಯಿಯ ಮನೆಯಲ್ಲಿ ಉಳಿದರು. ಕಸ್ತೂರಿಬಾಯಿಯ ಗಂಡ ಸ್ಟೇಶನ್ ಬಜಾರದಲ್ಲಿ ಹಮಾಲಿ. ಪಟ್ಟಣದಲ್ಲಿದ್ದು ಅವಳ ನಾಲಗೆ ಚುರುಕಾಗಿತ್ತು.

"ನಿನ್ನ ಮಗ ಕುರಿಯೇನೇ ಮಲ್ಕಿ? ಅವರು ಹಿಡಕೊಟ್ರ ಇಂವ ಕೊರಳು ಕೊಡ್ತಾನ!"

"ಅವರ ನಡುವೇ ಬಾಳಬೇಕಲ್ಲವ್ವ," ಅಂದಳು ಮಲ್ಕಮ್ಮ. "ನಾಳಿ ಬೆಂಕಿ ಬಿದ್ರ ಯಾರು ಬರ್ತಾರ? ಗಾಜಿಪುರದಿಂದ ನೀ ಬರ್ತೀಯೇನು?"

ಕಸ್ತೂರಿಬಾಯಿ ಅಮೃತಳ ಕಡೆ ತಿರುಗಿದಳು. "ನೀ ಕಣ್ಣಾರೆ ನೋಡೀದಿ ಹೌದಲ್ಲೋ? ಹಂಗಾದ್ರ ನೀ ಹೇಳು. ಕಚೇರ್ಯಾಗ ಬರಿಯೋ ಮುನ್ಷಿಗಿ ಕನ್ನಡ ಬರ್ತದ. ಒಂದ ಮಾತು ಹೇಳು, ಎಲ್ಲಾರೂ ಹಚ್ಯಾರ ಅಂತ. ಎಲ್ಲಾರನ್ನೂ ಜೇಲಿಗಿ ಹಾಕಾಕ ಅವರ ಕಡಿ ಜಾಗಾ ಎಲ್ಲದ?"

ಅಮೃತ ಆ ಮಾತನ್ನು ಬಾಯಿಪಾಠ ಮಾಡಿದಳು. ಎಲ್ಲಾರೂ ಹಚ್ಯಾರ ರೀ. ಬೆಳಿಗ್ಗೆ ಕಚೇರಿಗೆ ನಡೆದು ಹೋಗುವಾಗಲೂ ತುಟಿಯೊಳಗೆ ಅದನ್ನೇ ಅನ್ನುತ್ತಿದ್ದಳು.

ಕಚೇರಿಯ ಪಡಸಾಲೆಯಲ್ಲಿ ಚಂದ್ರಶಾ ಇಬ್ಬರು ಸಿಪಾಯಿಗಳ ನಡುವೆ ಕೂತಿದ್ದ. ಒಳಗೆ ಸಾಹೇಬ, ಅವನ ಕೆಳಗೆ ಗಡ್ಡದ ಮುನ್ಷಿ. ಓಣಿಯ ಗಂಡಸರು ಕೈಕಟ್ಟಿ ಸಾಲಾಗಿ ನಿಂತರು. ಒಬ್ಬೊಬ್ಬರನ್ನೇ ಕರೆದು ಕೇಳಿದಾಗ ಒಬ್ಬೊಬ್ಬರೂ ಚಂದ್ರಶಾನ ಹೆಸರು ಹೇಳಿದರು. ದೌಲಪ್ಪ ಹೇಳುವಾಗ ಅವನ ಕಣ್ಣು ತುಂಬಿತ್ತು, ಆದರೂ ಹೇಳಿದ. ಮುನ್ಷಿ ಚಂದ್ರಶಾನನ್ನು ಕೇಳಿದ, "ಕಬೂಲ್?"

ಅವನು ಬಾಯಿ ತೆರೆಯುವ ಮೊದಲೇ ಅಮೃತ ತಾಯಿಯ ಕೈ ಬಿಡಿಸಿಕೊಂಡು ಹೊಸ್ತಿಲ ಒಳಗೆ ಬಂದಿದ್ದಳು. "ಎಲ್ಲಾರೂ ಹಚ್ಯಾರ ರೀ," ಅಂದಳು. "ಮನಿಗೊಂದು ಕುಳ್ಳು ಇಟ್ಟಾರ. ನಮ್ಮದು ಒಂದೇ ಇಲ್ಲ ರೀ. ನಮ್ಮಣ್ಣ ಅಲ್ಲಿ ಇರಲೇ ಇಲ್ಲ, ಮಾಳಗಿ ಮ್ಯಾಲಿದ್ದ."

ಮುನ್ಷಿ ಲೇಖನಿ ಕೆಳಗಿಟ್ಟ. ಸಾಹೇಬ ಏನೆಂದು ಕೇಳಿದ, ಮುನ್ಷಿ ಉರ್ದುವಿನಲ್ಲಿ ಹೇಳಿದ. ಅವಳು ಹೇಳಿದ್ದನ್ನು ಹೇಳಿದಂತೆಯೇ ಹೇಳಿದ. ಅಷ್ಟು ಉರ್ದು ಅವಳಿಗೂ ತಿಳಿಯುತ್ತಿತ್ತು. ಸಾಹೇಬ ಓಣಿಯವರ ಸಾಲನ್ನು ನಿಧಾನವಾಗಿ ನೋಡಿದ. ಇಮಾಮುದ್ದೀನನ ಮುಖದಲ್ಲಿ ರಕ್ತವಿರಲಿಲ್ಲ. ಕಾಶಿರಾಯನ ತುಟಿ ಒಣಗಿತ್ತು. ಅವನಿಗೂ ಹೆದರಿಕೆ ಆಗುತ್ತದೆ ಎಂದು ಅಮೃತಳಿಗೆ ಗೊತ್ತಾದದ್ದು ಆಗಲೇ.

"ಅಣ್ಣನ ಸಂಕಟದಾಗ ಮಾತಾಡ್ತಾಳ್ರೀ," ಅಂದ ಕಾಶಿರಾಯ.

ಮುನ್ಷಿ ಚಂದ್ರಶಾನ ಕಡೆ ತಿರುಗಿದ. "ನೀ ಹೇಳೋ. ಈಕಿ ನಿನ್ನ ತಂಗಿ. ಖರೆ ಹೇಳ್ತಾಳೋ, ಸುಳ್ಳೋ?"

ಚಂದ್ರಶಾ ತಂಗಿಯನ್ನು ನೋಡಿದ. ಆಮೇಲೆ ಓಣಿಯವರನ್ನು ನೋಡಿದ. ಇಡೀ ಓಣಿ ಅವನ ಬಾಯಿಯನ್ನೇ ನೋಡುತ್ತಿತ್ತು. ಅಷ್ಟು ಜನ ತನ್ನ ಮಾತಿಗೆ ಕಾದದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಅವನ ಬೆನ್ನು ತುಸು ನೆಟ್ಟಗಾಯಿತು.

"ಸುಳ್ಳ ಹೇಳ್ತಾಳ್ರೀ," ಅಂದ. "ಮೊದಲಿಂದ ಹಂಗೇ ಆಕಿ. ನಾನೇ ಹಚ್ಚೀನಿ. ಕಬೂಲ್ ರೀ."

ಮುನ್ಷಿ ಬರೆದುಕೊಂಡ. ಸಿಪಾಯಿಯೊಬ್ಬ ಅಮೃತಳನ್ನು ತೋಳು ಹಿಡಿದು ಹೊರಗೆ ಬಿಟ್ಟ. ಜುರ್ಮಾನೆ ಆಗಲಿಲ್ಲ. ಆರು ತಿಂಗಳ ಸಜಾ ಆಯಿತು.

ಓಣಿ ಕೊಟ್ಟ ಮಾತು ಉಳಿಸಿಕೊಂಡಿತು. ಅದನ್ನಾದರೂ ತಪ್ಪಿದ್ದರೆ ಅಮೃತಳಿಗೆ ಬಯ್ಯಲು ಒಂದು ದಾರಿ ಇರುತ್ತಿತ್ತು. ಕಾಶಿರಾಯನ ಮನೆಯಿಂದ ಜೋಳ ಬಂತು, ದೌಲಪ್ಪ ಕಟ್ಟಿಗೆ ತಂದು ಹಾಕಿದ, ಇಮಾಮುದ್ದೀನನ ಹೆಂಡತಿ ಕೂಸಿಗೆ ಆಡಿನ ಹಾಲು ಕೊಟ್ಟಳು. ಮಳೆಗಾಲಕ್ಕೆ ಮೊದಲು ಗಂಡಸರೆಲ್ಲ ಸೇರಿ ಚಪ್ಪರ ಹೊಸದಾಗಿ ಹೊದಿಸಿದರು. "ಎಂಥಾ ಮಂದಿ ನೋಡವ್ವ," ಎಂದು ಮಲ್ಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಭಾಗಮ್ಮ ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಅಮೃತ ಬಾವಿಗೆ ಹೋದರೆ ಹೆಂಗಸರು ದೂರ ಸರಿಯುತ್ತಿರಲಿಲ್ಲ, ಮಾತು ಮಾತ್ರ ನಿಲ್ಲಿಸುತ್ತಿದ್ದರು. "ಸುಮ್ನಿರ್ರೇ," ಅನ್ನುತ್ತಿದ್ದಳು ಅಂಬಮ್ಮ, "ಕಲಬುರಗಿ ಮುನ್ಷಿ ಬಂದಾಳ." ಎಲ್ಲರೂ ನಗುತ್ತಿದ್ದರು. ನೋಡಲು ಬಂದ ವರನ ಕಡೆಯವರು ಯಾರದೋ ಮಾತು ಕೇಳಿ ಚಹಾ ಕುಡಿಯದೆ ಎದ್ದು ಹೋದರು.

ಮಳೆ ನಿಂತ ಮೇಲೆ ಚಂದ್ರಶಾ ಬಂದ. ಅರ್ಧ ಆಗಿದ್ದ, ಕೆಮ್ಮು ಹತ್ತಿತ್ತು, ತೋಟದ ಕೆಲಸಕ್ಕೆ ಮೊದಲಿನಂತೆ ಆಗುತ್ತಿರಲಿಲ್ಲ. ಆದರೆ ಓಣಿಯೆಲ್ಲ ಅವನನ್ನು ಎದುರುಗೊಂಡಿತು. ಕಾಶಿರಾಯನ ಕಟ್ಟೆಯ ಮೇಲೆ ಈಗ ಅವನಿಗೊಂದು ಜಾಗವಿತ್ತು. ಸಂಜೆ ಅಲ್ಲಿ ಕೂತು ಜೇಲಿನ ಕಥೆ ಹೇಳುತ್ತಿದ್ದ, ಉಳಿದವರು ಬಾಯಿ ತೆರೆದು ಕೇಳುತ್ತಿದ್ದರು. ಕಚೇರಿಯ ಮಾತನ್ನು ಅವನು ತಂಗಿಯ ಮುಂದೆ ಒಮ್ಮೆ ಮಾತ್ರ ತೆಗೆದ.

"ನೀ ಮನಸ್ಸಿಗಿ ಹಚ್ಕೋಬ್ಯಾಡ," ಅಂದ. "ಅಷ್ಟು ಮಂದಿ ಎದುರಿಗಿ ನಾ ಏನು ಹೇಳಬೇಕಿತ್ತು, ನೀನೇ ಹೇಳು."

"ನಾ ಹೇಳಿದ್ದು," ಅಂದಳು ಅಮೃತ.

ಅವನು ಕೆಮ್ಮಿ ಎದ್ದು ಹೊರಗೆ ಹೋದ.

ಗುಡ್ಡದ ಮೇಲೆ ಹುಲ್ಲು ಮತ್ತೆ ಎದೆಯೆತ್ತರ ಬಂತು, ಮತ್ತೆ ಒಣಗಿತು. ಹೋಳಿ ಹತ್ತಿರ ಬಂದಾಗ ಕಟ್ಟೆಯ ಮೇಲೆ ಮಾತು ನಡೆಯಿತು. ಈ ಸಲ ಬೆಂಕಿ ಬಂದು ಕುತ್ತಿಗೆಗೆ ಕೂರುವ ತನಕ ಕಾಯುವುದು ಬೇಡ, ಗಾಳಿ ಇಲ್ಲದ ದಿನ ನೋಡಿ ದಾರಿಯ ಅಂಚನ್ನು ಮೊದಲೇ ಸುಟ್ಟುಬಿಡೋಣ ಅಂದ ಕಾಶಿರಾಯ. ಎಲ್ಲರೂ ಹೂಂ ಅಂದರು. ಅಮೃತ ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಜಂಗ್ಲಾತಿನೋರು ಕೇಳಿದ್ರ?" ಅಂದ ದೌಲಪ್ಪ.

ಇಮಾಮುದ್ದೀನ್ ನೌಕರಿಯ ಹೊಸ ಸೊಂಟಪಟ್ಟಾ ಹಾಕಿಕೊಂಡು ಕೂತಿದ್ದ. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು, ಕೊನೆಗೆ ಒಂದೇ ಕಡೆ ನೋಡಿದರು.

"ಈ ವರ್ಷ ಎಲ್ಲಾರ ಪಾಲೂ ಸಮ ಅದ ಅಲ್ರೀ ಕಾಕಾ?" ಎಂದು ಅಮೃತ ಬಾಗಿಲಿನಿಂದಲೇ ಕೇಳಿದಳು. ಉಗುಳು ನುಂಗಲಿಲ್ಲ.

"ಏ, ಒಳಗ ಹೋಗ," ಅಂದ ಚಂದ್ರಶಾ, ಅವಳ ಕಡೆ ನೋಡದೆ.

ಕಾಶಿರಾಯ ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ. "ಸಮ ಅದವ್ವ. ನಾ ಎಲ್ಲಿ ಇಲ್ಲ ಅಂದೆ? ಆದ್ರ ಹೊಸಬ ಹೋದ್ರ ಹೆದರ್ತಾನ, ಬಾಯಿ ಬಿಡ್ತಾನ, ಎಲ್ಲಾರೂ ಸಿಕ್ಕಬೀಳ್ತೀವಿ. ಚಂದ್ರಶಾಗ ಎಲ್ಲಾ ಗೊತ್ತದ. ಅಂವ ಒಮ್ಮಿ ಹೋಗಿ ಬಂದಾಂವ."

"ಹೌದ್ ಬಿಡ್ರಿ," ಅಂದ ಚಂದ್ರಶಾ. "ನಂಗೇನು ಹೊಸಾದು? ಅಲ್ಲಿ ರೊಟ್ಟಿ ಹ್ಯಾಂಗ ಮಾಡ್ತಾರ ಅನ್ನೋದೂ ಗೊತ್ತದ."

ಕಟ್ಟೆ ಗೊಳ್ಳೆಂದಿತು. ಇಮಾಮುದ್ದೀನ್ ಅವನ ಬೆನ್ನು ತಟ್ಟಿದ. ಬೆನ್ನು ತಟ್ಟಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಎಲ್ಲರೂ ತಾಳ್ಮೆಯಿಂದ ಕಾದರು. ಆಮೇಲೆ ಅವನು ಎದ್ದು, ಧೋತರ ಬಿಗಿದು ಕಟ್ಟಿಕೊಂಡು, ಸುಡಬೇಕಾದ ಅಂಚನ್ನು ನೋಡಿ ಬರೋಣ ಎಂದು ದಾರಿಗೆ ಇಳಿದ. ಓಣಿಯ ಗಂಡಸರು ಅವನ ಹಿಂದೆ ಹೊರಟರು, ನಡುವೆ ಸ್ವಲ್ಪ ಜಾಗ ಬಿಟ್ಟು.